ಇಪ್ಪತ್ತೆಂಟು ಸೆಕೆಂಡು

ಮೂರು ಮನೆಗೆ ಒಂದೇ ಮೀಟರು,
ಶ್ರೀರಾಮಪುರದ ಈ ಓಣಿಯಲ್ಲಿ.
ಪುಟ್ಟಗೌರಮ್ಮನವರು ಬಿಲ್ಲು ತಂದು ಮೆಟ್ಟಿಲ ಮೇಲಿಟ್ಟು
"ನೀವು ನೀವೇ ನೋಡ್ಕೊಳ್ಳಿ" ಅಂದು ಬಾಗಿಲು ಹಾಕಿಕೊಂಡರು.

ನೋಡಿಕೊಂಡೆವು.
ಶಾಹೀನಾಳ ಗೀಸರು ಅಂತ ನಾನು,
ನನ್ನ ಹೊಲಿಗೆ ಮಿಷನ್ನು ಅಂತ ಶಾಹೀನಾ,
ನಿಮ್ಮಿಬ್ಬರ ಫ್ರಿಜ್ಜು ಅಂತ ಫ್ರಿಜ್ಜಿಲ್ಲದ ತಂಗವೇಲು.
ಅವನ ಮನೆಯ ಇಡ್ಲಿ ಹಿಟ್ಟು ಮಾತ್ರ
ನನ್ನ ಫ್ರಿಜ್ಜಿನಲ್ಲೇ ತಣ್ಣಗೆ ಕೂತಿತ್ತು.

ರೀಡಿಂಗಿಗೆ ಬರುವ ಹುಡುಗ ಹೇಳಿದ:
"ಅಕ್ಕಾ, ಈ ಕೆಂಪು ಲೈಟು ನೋಡಿ.
ಮೂರು ಸಾವಿರದ ಇನ್ನೂರು ಸಲ ಮಿಟುಕಿದರೆ ಒಂದು ಯೂನಿಟ್ಟು.
ಎಲ್ಲ ಆರಿಸಿ, ಒಂದೊಂದೇ ಹಾಕಿ, ಎಣಿಸಿ.
ಕಳ್ಳ ತಾನೇ ಸಿಗ್ತಾನೆ."

ಸರಿ. ರಾತ್ರಿ ಹನ್ನೊಂದಕ್ಕೆ ಎಲ್ಲರ ಮೇನೂ ಇಳಿಸಿ,
ಮಗನ ಚೌಕುಳಿ ಪುಸ್ತಕ, ಮೊಬೈಲಿನ ಗಡಿಯಾರ ಹಿಡಿದು
ಸೈಕಲ್ಲುಗಳ ಸಂದಿಯಲ್ಲಿ ಕುಕ್ಕರಗಾಲಲ್ಲಿ ಕೂತೆ.
ಮಾಗಿಯ ಚಳಿ. ಶಾಹೀನಾ ಟೀ ತಂದಳು,
"ಗ್ಯಾಸಿನದು, ಬರ್ಕೋಬೇಡ" ಅಂದಳು.

ಅವಳ ಗೀಸರು: ಸೆಕೆಂಡಿಗೆ ಎರಡು ಸಲ,
ಕಣ್ಣಿಗೆ ಧೂಳು ಬಿದ್ದವರ ಹಾಗೆ.
ದಿನಕ್ಕೆ ಇಪ್ಪತ್ತು ನಿಮಿಷ ಅಂದರೆ ತಿಂಗಳಿಗೆ ಇಪ್ಪತ್ತು ಯೂನಿಟ್ಟು.
ಗೆದ್ದೆ ಅಂದುಕೊಂಡೆ.
ಆಮೇಲೆ ನನ್ನ ಇಸ್ತ್ರಿಪೆಟ್ಟಿಗೆ: ಸೆಕೆಂಡಿಗೆ ಹತ್ತತ್ತಿರ ಒಂದು.
ಬ್ಲೌಸುಗಳ ಮಡಿಕೆ ಕೂರಿಸಲು ದಿನಾ ಅರ್ಧ ಗಂಟೆ, ಹದಿನೈದು.
ಮಿಷನ್ನಿನ ಮೋಟರು ನೂರು ವ್ಯಾಟು,
ನಾಲ್ಕು ಗಂಟೆ ತುಳಿದರೆ ಹನ್ನೆರಡು.
ಕೂಡಿದೆ. ಇಪ್ಪತ್ತೇಳು.
ಮತ್ತೆ ಕೂಡಿದೆ.
ಶಾಹೀನಾ ಪುಸ್ತಕದೊಳಗೆ ಇಣುಕಿ
ಏನೂ ಅನ್ನದೆ ಲೋಟ ಎತ್ತಿಕೊಂಡಳು.

ಸೊಳ್ಳೆಗೆಂದು ಹಾಕುವ ಫ್ಯಾನು, ಹದಿನೈದು ಸೆಕೆಂಡಿಗೊಂದು.
ಫ್ರಿಜ್ಜು ಮಾತ್ರ ಲೆಕ್ಕಕ್ಕೆ ಸಿಗದು:
ಒಮ್ಮೆ ಗುರುಗುಟ್ಟುತ್ತದೆ, ಒಮ್ಮೆ ಸತ್ತ ಹಾಗೆ ನಟಿಸುತ್ತದೆ.
ಅದನ್ನು ಮೂರು ಪಾಲು ಮಾಡಿ ತಂಗವೇಲುವಿಗೂ ಒಂದು ಬರೆದೆ.

ಕೊನೆಗೆ ಎಲ್ಲವನ್ನೂ ಆರಿಸಿದೆ.
ಓಣಿ ತುಂಬ ಕತ್ತಲು. ಏಳಬೇಕು ಅನ್ನುವಾಗ
ಮಿಟುಕ್.
ಕಾದೆ.
ಇಪ್ಪತ್ತೆಂಟು ಸೆಕೆಂಡಾದ ಮೇಲೆ ಇನ್ನೊಂದು.

ನಲವತ್ತು ವ್ಯಾಟಿನ ಏನೋ ಒಂದು
ಈ ಮನೆಯಲ್ಲಿ ಎಚ್ಚರವಾಗಿದೆ.

ಮೊಬೈಲಿನ ಬೆಳಕಲ್ಲಿ ಹುಡುಕಿದೆ: ಮೇನಿನ ಮೇಲಿಂದಲೇ ಹೊರಟ ಕರಿ ವಯರು
ನೀರಿನ ಪೈಪನ್ನು ತಬ್ಬಿಕೊಂಡು ಮಹಡಿ ಹತ್ತಿದೆ.
ಮೊಳಕ್ಕೊಂದು ಕಡೆ ಬಟ್ಟೆಚೂರಿನಿಂದ ಕಟ್ಟಿದೆ.
ನೇರಳೆ ಬಾರ್ಡರು.
ಹೋದ ತಿಂಗಳು ನಾನೇ ಕತ್ತರಿಸಿ ಎಸೆದದ್ದು.

ಟ್ಯಾಂಕಿನ ಹಿಂದೆ ಟೊಮೆಟೊ ಪೆಟ್ಟಿಗೆ,
ಒಳಗೆ ಹಳೇ ಕಾಲದ ತಂತಿ ಬಲ್ಬು,
ಅದರ ಕೆಳಗೆ ಪಾರಿವಾಳದ ಎರಡು ಮರಿ,
ಇನ್ನೂ ಪುಕ್ಕ ಬಾರದ, ಹಿಟ್ಟಿನುಂಡೆಯಂಥವು.
ತಾಯಿ ನನ್ನನ್ನೇ ಓನರಮ್ಮನ ಹಾಗೆ ನೋಡಿತು.

ಮೂರು ವರ್ಷದ ಹಿಂದೆ, ಪಂದ್ಯದಲ್ಲಿ ನನ್ನ ಓಲೆ ಹೋದ ಮೇಲೆ,
"ಎಲ್ಲಾ ಮಾರಿಬಿಟ್ಟೆ" ಅಂತ ಆಣೆ ಇಟ್ಟಿದ್ದರು ಇವರು.

ಒಳಗೆ ಕೈ ಚಾಚಿದೆ. ಬೆಚ್ಚಗಿತ್ತು.
ಎಲ್‌ಇಡಿ ಹಾಕಿದರೆ ಒಂಬತ್ತು ವ್ಯಾಟು ಸಾಕು,
ಆದರೆ ಅದಕ್ಕೆ ಬೆಳಗುವುದಷ್ಟೇ ಗೊತ್ತು,
ಕಾವು ಕೊಡುವುದು ಗೊತ್ತಿಲ್ಲ.

"ಸಿಕ್ಕಿದನಾ?" ಅಂದಳು ಶಾಹೀನಾ ಕೆಳಗಿಂದ.
"ಟ್ಯಾಂಕಿನ ಬಲ್ಬು. ನಮ್ಮ ಲೆಕ್ಕಕ್ಕೇ ಇರಲಿ."

ನಲವತ್ತು ವ್ಯಾಟು, ರಾತ್ರಿಗೆ ಹತ್ತು ಗಂಟೆ, ಮೂವತ್ತು ರಾತ್ರಿ.
ಹನ್ನೆರಡು ಯೂನಿಟ್ಟು. ಏಳು ರೂಪಾಯಿ ಹಿಡಿದರೆ ಎಂಬತ್ತನಾಲ್ಕು.
ನನ್ನ ಮಿಷನ್ನಿನಷ್ಟೇ, ಒಂದೂ ಹೆಚ್ಚಿಲ್ಲ, ಕಮ್ಮಿಯಿಲ್ಲ.
ಗಂಡನ ಹೆಸರು ಬಾಯಲ್ಲಿ ಹೇಳಿದವಳಲ್ಲ,
ಪೆನ್ಸಿಲಿನಲ್ಲೂ ಹಾಗೇ ಬರೆದೆ:
ಇವರು, ಹನ್ನೆರಡು.

ಮೇನು ಎತ್ತಿ ಬಂದು ಮಲಗಿದೆ.
ಗೊರಕೆಯ ನಡುವೆಯೇ ಕೇಳಿದರು, "ಕರೆಂಟು ಹೋಗಿತ್ತಾ?"
"ನಮ್ಮದು ಹೋಗಿತ್ತು. ನಿಮ್ಮದು ಹೋಗಿರಲಿಲ್ಲ" ಅಂದೆ.

ಗೊರಕೆ ನಿಂತಿತು.
ಇಪ್ಪತ್ತೆಂಟರವರೆಗೆ ಎಣಿಸಿದೆ.
ಆ ಕಡೆಯಿಂದ ಉಸಿರೂ ಇಲ್ಲ.